ಕಾಣದ ಕಡಿತ, ಇಲ್ಲದ ಪಿತ್ತ

ಮಾರಂಡಹಳ್ಳಿಯ ಕಡೆಯ ಹಳ್ಳಿಯೊಂದರಿಂದ ಸೋದರಿಯೊಬ್ಬರು ಬರೆದ ಪತ್ರವು ಈ ತಿಂಗಳ ಲೇಖನಕ್ಕೆ ಪ್ರೇರಣೆಯಾಗಿದೆ. ತಮ್ಮ ಹೆಸರನ್ನಾಗಲಿ ಊರಿನ ಹೆಸರನ್ನಾಗಲಿ ಪ್ರಕಟಿಸಬಾರದೆಂದು ಅವರು ಕೋರಿರುವುದರಿಂದ ಪತ್ರದ ಸಾರವನ್ನು ಮಾತ್ರ ಇಲ್ಲಿ ಕೊಡುತ್ತೇನೆ.

ಅವರಿಗೆ ಮೂವತ್ತೆರಡು ವರ್ಷ. ಇಬ್ಬರು ಮಕ್ಕಳ ತಾಯಿ. ಒಂಬತ್ತು ತಿಂಗಳಿನಿಂದ ಹೆಚ್ಚುಕಡಿಮೆ ಪ್ರತಿದಿನವೂ, ಅದರಲ್ಲಿಯೂ ದೀಪ ಹಚ್ಚುವ ಹೊತ್ತಿಗೆ, ಮೈಮೇಲೆ ಗಂಧೆಗಳು ಏಳುತ್ತವೆ. ಸಹಿಸಲಾರದ ನವೆ. ರಾತ್ರಿ ನಿದ್ರೆಯಿಲ್ಲ. ಬೆಳಗಾದರೆ ಚರ್ಮದ ಮೇಲೆ ಒಂದು ಗುರುತೂ ಇರುವುದಿಲ್ಲ; ವೈದ್ಯರ ಬಳಿಗೆ ಹೋದಾಗ ತೋರಿಸಲು ಏನೂ ಉಳಿದಿರುವುದಿಲ್ಲ. ಮೊದಲು ಮನೆಯಲ್ಲಿ ಮೆಣಸು ತುಪ್ಪ, ವೀಳ್ಯದೆಲೆಯ ರಸ ಆಯಿತು. ಅನಂತರ ಕಂಬಳಿ ಹೊದಿಸಿ ಮಲಗಿಸಿದರು. ಅದೂ ಫಲಿಸದಾಗ ಪೇಟೆಯಲ್ಲಿ ಸೂಜಿಮದ್ದು ಹಾಕಿಸಿಕೊಂಡರು. ಎರಡು ಮೂರು ದಿನ ಸುಖ, ನಾಲ್ಕನೆಯ ದಿನ ಮತ್ತೆ ಅದೇ ಪಾಡು. ಈ ನಡುವೆ ಕಂಡವರು ಹೇಳಿದಂತೆಲ್ಲ ಒಂದೊಂದಾಗಿ ಆಹಾರವನ್ನು ಬಿಡುತ್ತ ಬಂದರು: ಮೊದಲು ಬದನೆ, ಆಮೇಲೆ ಟೊಮೇಟೊ, ಅವರೆ, ಕಡಲೆಕಾಯಿ, ಮೊಟ್ಟೆ, ಮೀನು, ಮೊಸರು, ಕೊನೆಗೆ ಹುಣಿಸೆ. ಈಗ ಮುದ್ದೆಯ ಜೊತೆಗೆ ಉಪ್ಪುನೀರಿನಂಥ ಸಾರು ಮಾತ್ರ ಉಳಿದಿದೆ. ಮಕ್ಕಳಿಗೆ ಅಂಟೀತೆಂಬ ಭಯದಿಂದ ಅವರ ಟವಲು, ಹಾಸಿಗೆ ಬೇರೆಯಾಗಿವೆ. ತಂಗಿಗೆ ಸಂಬಂಧವೊಂದು ಕೂಡಿಬರುತ್ತಿರುವುದರಿಂದ, ನೆಂಟರು ಬಂದಾಗ ಇವರು ಹೊರಗೆ ಕಾಣಿಸಿಕೊಳ್ಳಬಾರದೆಂದು ಹಿರಿಯರ ಅಪ್ಪಣೆಯಾಗಿದೆ. ಪತ್ರದ ಕೊನೆಯ ಸಾಲು ಒಂದು ಪ್ರಶ್ನೆ: "ನಾನು ಏನು ತಿಂದು ಈ ತಪ್ಪು ಮಾಡಿದೆ?"

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಸೋದರಿ ಏನನ್ನೂ ತಿಂದು ಯಾವ ತಪ್ಪನ್ನೂ ಮಾಡಿಲ್ಲ. ಇದು ಅಂಟುವ ಕಾಯಿಲೆಯೂ ಅಲ್ಲ. ಏಕೆ ಅಲ್ಲವೆಂಬುದನ್ನು ವಿವರಿಸುವುದಕ್ಕಾಗಿಯೇ ಈ ಲೇಖನ. ಏಕೆಂದರೆ ಇದು ಒಬ್ಬರ ಮನೆಯ ಕಥೆಯಲ್ಲ. ದೀರ್ಘಕಾಲದ ಗಂಧೆ, ಜನಸಂಖ್ಯೆಯಲ್ಲಿ ಸುಮಾರು ನೂರಕ್ಕೆ ಒಬ್ಬರನ್ನು ಯಾವುದಾದರೂ ಒಂದು ಕಾಲದಲ್ಲಿ ಕಾಡುವ ವ್ಯಾಧಿ.

ನಮ್ಮ ಗಡಿಸೀಮೆಯಲ್ಲಿ ಈ ಕಾಯಿಲೆಗೆ ಎರಡು ಹೆಸರುಗಳಿವೆ. ಮನೆಯೊಳಗಿನ ಕನ್ನಡದಲ್ಲಿ ಇದು 'ಪಿತ್ತದ ಗಂಧೆ'. ಬೀದಿಯ ತಮಿಳಿನಲ್ಲಿ 'ಕಾಣಾಕ್ಕಡಿ', ಎಂದರೆ ಕಣ್ಣಿಗೆ ಕಾಣದ ಯಾವುದೋ ಜಂತುವಿನ ಕಡಿತ. ಎರಡೂ ಹೆಸರುಗಳು ಅಂದವಾಗಿಯೇ ಇವೆ. ಆದರೆ ಎರಡೂ ನಮ್ಮನ್ನು ದಾರಿ ತಪ್ಪಿಸುತ್ತವೆ. ಪಿತ್ತವೆಂದು ನಂಬಿದವರು ಅಡುಗೆಮನೆಗೆ ಹೋಗಿ ತಪ್ಪಿತಸ್ಥನನ್ನು ಹುಡುಕುತ್ತಾರೆ. ಕಡಿತವೆಂದು ನಂಬಿದವರು ಹಾಸಿಗೆಯನ್ನು ಕೊಡವಿ, ಸೂರಿನ ಸಂದುಗಳನ್ನು ತಡಕುತ್ತಾರೆ. ಹಿಂದಿನವರೂ ಹೀಗೆಯೇ ಹೊರಗಿನ ಕಾರಣಕ್ಕೆ ಮನಸೋತಿದ್ದರು. ಆಯುರ್ವೇದದ 'ಮಾಧವನಿದಾನ'ವು ಇದನ್ನು ಶೀತಪಿತ್ತ, ಉದರ್ದ, ಕೋಠ ಎಂಬ ಹೆಸರುಗಳಿಂದ ವರ್ಣಿಸಿ, ಕಣಜ ಕಚ್ಚಿದಂತೆ ಬಾವು ಏಳುವುದೆಂದೂ, ತಣ್ಣನೆಯ ಗಾಳಿ ಸೋಕುವುದು ಅದಕ್ಕೆ ಕಾರಣಗಳಲ್ಲೊಂದೆಂದೂ ಹೇಳುತ್ತದೆ. ಯುರೋಪಿನ ವೈದ್ಯರು ತುರಿಚೆ ಗಿಡದ ಲ್ಯಾಟಿನ್ ಹೆಸರಿನಿಂದ ಇದನ್ನು 'ಅರ್ಟಿಕೇರಿಯ' ಎಂದು ಕರೆದರು. ಒಬ್ಬರಿಗೆ ಕಣಜ, ಮತ್ತೊಬ್ಬರಿಗೆ ಮುಳ್ಳುಗಿಡ. ನೋಟದಲ್ಲಿ ಯಾರೂ ತಪ್ಪಲಿಲ್ಲ. ದೀರ್ಘಕಾಲದ ಗಂಧೆಯ ಮಟ್ಟಿಗೆ, ಕಾರಣವನ್ನು ಎಲ್ಲಿ ಹುಡುಕಬೇಕೆಂಬುದರಲ್ಲಿ ಮಾತ್ರ ಎಲ್ಲರೂ ಎಡವಿದರು.

ಹಾಗಾದರೆ ಚರ್ಮದೊಳಗೆ ನಿಜವಾಗಿ ನಡೆಯುವುದೇನು? ಜರ್ಮನಿಯ ಪಾಲ್ ಎರ್ಲಿಕ್ ಇನ್ನೂ ವಿದ್ಯಾರ್ಥಿಯಾಗಿದ್ದಾಗ, 1878ರ ತಮ್ಮ ಪ್ರಬಂಧದಲ್ಲಿ, ಕಣಗಳಿಂದ ತುಂಬಿ ತುಳುಕುವ ಒಂದು ಬಗೆಯ ಜೀವಕೋಶವನ್ನು ವಿವರಿಸಿದರು. ಚೆನ್ನಾಗಿ ತಿಂದು ಕೊಬ್ಬಿದಂತೆ ಕಂಡದ್ದರಿಂದ ಅದಕ್ಕೆ 'ಮಾಸ್ಟ್' ಕೋಶವೆಂದು ಹೆಸರಿಟ್ಟರು. ಚರ್ಮದಲ್ಲಿ ಸಣ್ಣ ರಕ್ತನಾಳಗಳ ಪಕ್ಕದಲ್ಲಿ ಇವು ಕಾವಲುಗಾರರಂತೆ ಕುಳಿತಿರುತ್ತವೆ. ಕೆರಳಿಸಿದಾಗ ಕಣಗಳನ್ನು ಹೊರಚೆಲ್ಲುತ್ತವೆ. ಆ ಕಣಗಳಲ್ಲಿರುವ ಮುಖ್ಯ ವಸ್ತುವೇ ಹಿಸ್ಟಮೀನ್. ಅದು ತಗುಲಿದೊಡನೆ ರಕ್ತನಾಳಗಳು ಹಿಗ್ಗಿ ಚರ್ಮ ಕೆಂಪಾಗುತ್ತದೆ. ನಾಳದ ಗೋಡೆಯಿಂದ ದ್ರವ ಒಸರಿ ಬಾವು ಏಳುತ್ತದೆ. ನರಗಳ ತುದಿ ಕೆರಳಿ ನವೆ ಹುಟ್ಟುತ್ತದೆ. ಇಂಗ್ಲೆಂಡಿನ ಥಾಮಸ್ ಲೂಯಿಸ್ 1927ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕೆಂಪು ಗೆರೆ, ಸುತ್ತಲಿನ ಕೆಂಪು, ಮಧ್ಯದ ಉಬ್ಬು ಎಂಬ ಈ ಮೂರು ಹಂತಗಳನ್ನು ಬಿಡಿಸಿ ತೋರಿಸಿದರು. ಒಸರಿದ ದ್ರವವನ್ನು ದೇಹವು ಕೆಲವೇ ಗಂಟೆಗಳಲ್ಲಿ ಹಿಂದಕ್ಕೆ ಹೀರಿಕೊಳ್ಳುವುದರಿಂದಲೇ ಬೆಳಗಿನ ಹೊತ್ತಿಗೆ ಗುರುತು ಉಳಿಯುವುದಿಲ್ಲ. ಆ ಸೋದರಿಯ ಮಾತನ್ನು ಮನೆಯವರು ಅನುಮಾನಿಸಿದ್ದರೆ, ಅನುಮಾನಕ್ಕೆ ಆಸ್ಪದವಿರಲಿಲ್ಲ; ಗುರುತಿಲ್ಲದೆ ಮಾಯವಾಗುವುದೇ ಈ ಕಾಯಿಲೆಯ ಗುರುತು.

ಚರ್ಮರೋಗ ತಜ್ಞರು ಗಂಧೆಯನ್ನು ಮೊದಲು ಕಾಲದ ಅಳತೆಯಿಂದ ಎರಡಾಗಿ ವಿಂಗಡಿಸುತ್ತಾರೆ. ಆರು ವಾರಗಳೊಳಗೆ ಮುಗಿದರೆ ಅದು ತಾತ್ಕಾಲಿಕ ಗಂಧೆ. ಆರು ವಾರಗಳನ್ನು ದಾಟಿದರೆ ದೀರ್ಘಕಾಲದ್ದು. ಈ ಗೆರೆಯು ಲೆಕ್ಕಕ್ಕಾಗಿ ಎಳೆದದ್ದಲ್ಲ. ಗೆರೆಯ ಈಚೆಗೂ ಆಚೆಗೂ ಕಾರಣಗಳೇ ಬೇರೆ. ತಾತ್ಕಾಲಿಕ ಗಂಧೆಗೆ ಕಾರಣವು ಬಹುಮಟ್ಟಿಗೆ ಹೊರಗಿನಿಂದ ಬರುತ್ತದೆ: ಮಕ್ಕಳಲ್ಲಿ ನೆಗಡಿ ಜ್ವರದಂಥ ಸೋಂಕು, ಕಣಜ ಜೇನಿನ ಕಡಿತ, ಪೆನಿಸಿಲಿನ್‌ನಂಥ ಔಷಧ, ಕೆಲವರಲ್ಲಿ ಮೀನು, ಮೊಟ್ಟೆ, ಕಡಲೆಕಾಯಿ. ಆಹಾರದಿಂದ ಬರುವ ಗಂಧೆ ತಿಂದ ಕೆಲವು ನಿಮಿಷಗಳಲ್ಲಿ, ತಪ್ಪಿದರೆ ಒಂದೆರಡು ಗಂಟೆಗಳೊಳಗೆ, ಏಳುತ್ತದೆ, ಅದೇ ಪದಾರ್ಥವನ್ನು ತಿಂದಾಗಲೆಲ್ಲ ಏಳುತ್ತದೆ, ತಿನ್ನದಿದ್ದಾಗ ಏಳುವುದಿಲ್ಲ. ಇಂಥ ಸಂಬಂಧವನ್ನು ಕಂಡುಹಿಡಿಯಲು ಮನೆಯವರಿಗೆ ಒಂಬತ್ತು ತಿಂಗಳು ಬೇಕಾಗುವುದಿಲ್ಲ. ಎರಡು ಸಲ ಆದರೆ ಸಾಕು, ತಾಯಂದಿರು ತಾವಾಗಿಯೇ ಗುರುತಿಸಿಬಿಡುತ್ತಾರೆ.

ಆರು ವಾರಗಳನ್ನು ದಾಟಿದ ಗಂಧೆಯ ಸ್ವಭಾವ ಬೇರೆ. ವಿಶೇಷ ಚರ್ಮ ಚಿಕಿತ್ಸಾಲಯಗಳಿಗೆ ಬರುವ ಇಂಥ ರೋಗಿಗಳನ್ನು ಸಾಲಾಗಿ ನೋಡುತ್ತ ಹೋದರೆ ಕೆಲವು ಲಕ್ಷಣಗಳು ಮತ್ತೆ ಮತ್ತೆ ಕಾಣಿಸುತ್ತವೆ. ಹೆಚ್ಚಿನವರು ಇಪ್ಪತ್ತರಿಂದ ನಲವತ್ತರ ಒಳಗಿನವರು. ಗಂಡಸರಿಗಿಂತ ಹೆಂಗಸರು ಸುಮಾರು ಎರಡು ಪಟ್ಟು. ಸಂಜೆ ಮತ್ತು ರಾತ್ರಿ ಉಲ್ಬಣ ಹೆಚ್ಚು. ಹಲವರಿಗೆ ಗಂಧೆಯ ಜೊತೆಯಲ್ಲಿ ತುಟಿ, ಕಣ್ಣುರೆಪ್ಪೆಗಳು ಊದಿಕೊಳ್ಳುತ್ತವೆ. ಒಂದೇ ಪದಾರ್ಥ ಒಂದು ದಿನ ಅಪರಾಧಿಯಂತೆ ಕಾಣುತ್ತದೆ, ಮರುದಿನ ನಿರಪರಾಧಿಯಾಗುತ್ತದೆ. ಇನ್ನೊಂದು ಲಕ್ಷಣವನ್ನೂ ಹೇಳಲೇಬೇಕು: ಬಂದವರಲ್ಲಿ ಬಹುತೇಕ ಎಲ್ಲರ ಕೈಯಲ್ಲಿಯೂ ತಾವು ಬಿಟ್ಟ ಆಹಾರಗಳ ಒಂದು ಪಟ್ಟಿ ಇರುತ್ತದೆ, ಪಟ್ಟಿ ಎಷ್ಟೇ ಉದ್ದವಾದರೂ ಗಂಧೆ ಮಾತ್ರ ಕಡಿಮೆಯಾಗಿರುವುದಿಲ್ಲ.

ಕಾರಣವು ಹೊರಗಿಲ್ಲದಿದ್ದರೆ ಎಲ್ಲಿದೆ? 1993ರಲ್ಲಿ ಲಂಡನ್ನಿನ ಚರ್ಮರೋಗ ಸಂಶೋಧಕರು ಒಂದು ಮುಖ್ಯ ಸಂಗತಿಯನ್ನು ಪ್ರಕಟಿಸಿದರು. ದೀರ್ಘಕಾಲದ ಗಂಧೆಯ ಕೆಲವು ರೋಗಿಗಳ ರಕ್ತದಲ್ಲಿ, ಅವರದೇ ಮಾಸ್ಟ್ ಕೋಶಗಳ ಮೈಮೇಲಿನ ಗ್ರಾಹಕವನ್ನು ತಟ್ಟಿ ಕೆರಳಿಸುವ ಪ್ರತಿಕಾಯಗಳು ಇದ್ದವು. ಪ್ರತಿಕಾಯವೆಂದರೆ ಹೊರಗಿನ ಶತ್ರುವನ್ನು ತಡೆಯಲು ದೇಹವು ತಯಾರಿಸುವ ರಕ್ಷಣಾ ವಸ್ತು. ಕಳ್ಳನನ್ನು ಹಿಡಿಯಲು ಇಟ್ಟ ಕಾವಲುಗಾರನು ಮನೆಯವರನ್ನೇ ಕಳ್ಳರೆಂದು ಭ್ರಮಿಸಿ ಕೂಗಿ ಎಬ್ಬಿಸಿದಂತೆ, ಇಲ್ಲಿ ದೇಹದ ರಕ್ಷಣೆ ತನ್ನ ಮೇಲೆಯೇ ತಿರುಗುತ್ತದೆ. ರೋಗಿಯ ರಕ್ತದಿಂದ ಬೇರ್ಪಡಿಸಿದ ದ್ರವವನ್ನು ಒಂದು ಹನಿ ಅವರದೇ ಮುಂಗೈ ಚರ್ಮಕ್ಕೆ ಚುಚ್ಚಿದರೆ ಅಲ್ಲಿಯೇ ಗಂಧೆ ಏಳುವುದನ್ನು ಚಿಕಿತ್ಸಾಲಯದಲ್ಲಿಯೇ ನೋಡಬಹುದು. ನಮ್ಮ ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ಚರ್ಮರೋಗ ವಿಭಾಗದವರು ತಮ್ಮ ರೋಗಿಗಳಲ್ಲಿ ಈ ಪರೀಕ್ಷೆಯನ್ನು ನಡೆಸಿ 2008ರಲ್ಲಿ ಫಲಿತಾಂಶವನ್ನು ಪ್ರಕಟಿಸಿದ್ದಾರೆ. ಒಟ್ಟಾರೆ ಬೇರೆ ಬೇರೆ ದೇಶಗಳ ಪರೀಕ್ಷೆಗಳನ್ನು ನೋಡಿದರೆ ಸುಮಾರು ಮೂರನೆಯ ಒಂದು ಪಾಲಿನಿಂದ ಅರ್ಧದಷ್ಟು ರೋಗಿಗಳಲ್ಲಿ ಇಂಥ ಪ್ರತಿಕ್ರಿಯೆ ಕಾಣುತ್ತದೆ. ಇದೇ ಬಗೆಯ ಆತ್ಮವಿರೋಧದಿಂದ ಬರುವ ಥೈರಾಯ್ಡ್ ಗ್ರಂಥಿಯ ತೊಂದರೆ ಈ ರೋಗಿಗಳಲ್ಲಿ ಉಳಿದವರಿಗಿಂತ ಹೆಚ್ಚಾಗಿರುವುದಕ್ಕೂ ಇದೇ ಕಾರಣ.

ಆದ್ದರಿಂದ ದೀರ್ಘಕಾಲದ ಗಂಧೆಯಲ್ಲಿ ತಟ್ಟೆಯನ್ನು ಶಂಕಿಸುವುದು ಬಹುತೇಕ ವ್ಯರ್ಥ. ವ್ಯರ್ಥವಷ್ಟೇ ಅಲ್ಲ, ಹಾನಿಕರ. ಮೊಟ್ಟೆ, ಅವರೆ, ಕಡಲೆಕಾಯಿ, ಮೊಸರುಗಳನ್ನು ಬಿಟ್ಟ ತಾಯಿಗೆ ಸಾರವತ್ತಾದ ಆಹಾರ ಎಲ್ಲಿಂದ ಬರಬೇಕು? ಟೊಮೇಟೊ, ಹುಣಿಸೆಗಳಂಥ ಹುಳಿ ಪದಾರ್ಥಗಳು ರಾಗಿಯ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ಸಹಾಯಕ. ಅವನ್ನೂ ಬಿಟ್ಟರೆ ರಕ್ತಹೀನತೆಗೆ ಬಾಗಿಲು ತೆರೆದಂತೆ. ನವೆಯಿಂದ ನಿದ್ರೆಗೆಟ್ಟವರು ಪಥ್ಯದಿಂದ ಶಕ್ತಿಗೆಟ್ಟರೆ ಕಾಯಿಲೆ ಎರಡಾದಂತೆ ಆಯಿತಲ್ಲವೆ? ಮನೆಯಲ್ಲಿ ಹೆಣ್ಣುಮಗಳು ಪಥ್ಯ ಮಾಡಿದರೆ ಯಾರೂ ಲೆಕ್ಕ ಕೇಳುವುದಿಲ್ಲ. ಅವಳ ತಟ್ಟೆ ಬರಿದಾಗುತ್ತ ಹೋಗುವುದು ಎಲ್ಲರಿಗಿಂತ ಕೊನೆಗೆ ಗೊತ್ತಾಗುತ್ತದೆ. ಒಂದು ಪದಾರ್ಥದ ಮೇಲೆ ಬಲವಾದ ಸಂಶಯವಿದ್ದರೆ ವೈದ್ಯರ ಸಲಹೆಯಂತೆ ಅದೊಂದನ್ನೇ ಎರಡು ಮೂರು ವಾರ ಬಿಟ್ಟು ನೋಡಿ, ವ್ಯತ್ಯಾಸವಿಲ್ಲದಿದ್ದರೆ ಮತ್ತೆ ಊಟಕ್ಕೆ ಸೇರಿಸಿಕೊಳ್ಳಬೇಕು. ಬಿಟ್ಟದ್ದನ್ನು ಬಿಟ್ಟೇ ಇರುವ ಪಥ್ಯ ಸಲ್ಲದು.

ಆಹಾರವನ್ನು ಶಂಕಿಸುವ ನಾವು ನಿಜವಾಗಿ ಶಂಕಿಸಬೇಕಾದ ಒಂದು ವಸ್ತುವನ್ನು ಮರೆಯುತ್ತೇವೆ. ಅದು ನೋವಿನ ಮಾತ್ರೆ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಮೊದಲಾದವು ದೀರ್ಘಕಾಲದ ಗಂಧೆಯಿರುವವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಗಂಧೆಯನ್ನು ಕೆರಳಿಸುತ್ತವೆ. ಕಳೆ ಕಿತ್ತು ಸೊಂಟ ಹಿಡಿದಾಗ, ಮುಟ್ಟಿನ ನೋವಿನಲ್ಲಿ, ಅಂಗಡಿಯಿಂದ ತಂದು ನುಂಗುವ ಮಾತ್ರೆಗಳು ಇವೇ. ಅಂದು ತಿಂದ ಬದನೆಕಾಯಿಯನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ಅಂದು ನುಂಗಿದ ಮಾತ್ರೆಯನ್ನು ಯಾರೂ ನೆನೆಯುವುದಿಲ್ಲ. ಇಂಥವರಿಗೆ ನೋವು ಜ್ವರಗಳಿಗೆ ಪ್ಯಾರಸಿಟಮಾಲ್ ಸಾಮಾನ್ಯವಾಗಿ ಹೊಂದಿಕೊಳ್ಳುತ್ತದೆ. ಆದರೂ ವೈದ್ಯರನ್ನು ಕೇಳಿಯೇ ಬಳಸುವುದು ಲೇಸು.

ತಾನಾಗಿ ಏಳುವ ಗಂಧೆಯ ಹೊರತಾಗಿ, ಒಂದು ನಿರ್ದಿಷ್ಟ ಭೌತಿಕ ಪ್ರಚೋದನೆಯಿಂದಲೇ ಏಳುವ ಬಗೆಗಳೂ ಇವೆ. ಉಗುರಿನಿಂದ ಗೀರಿದ ಕಡೆ ಕೆಲವೇ ನಿಮಿಷಗಳಲ್ಲಿ ಗೆರೆ ಉಬ್ಬಿ ನಿಲ್ಲುವುದು ಒಂದು ಬಗೆ. ಲಂಗದ ಲಾಡಿ, ಉಡಿದಾರ, ಬಿಗಿಯಾದ ಬಳೆಗಳ ಜಾಗದಲ್ಲಿ ಅದು ಕಾಣಿಸುತ್ತದೆ. ಒತ್ತಡದಿಂದ ಬರುವುದು ಇನ್ನೊಂದು; ಟೊಮೇಟೊ ಬುಟ್ಟಿಯನ್ನು ಹೆಗಲ ಮೇಲೆ ಹೊತ್ತ ಕಡೆ, ತುಂಬಿದ ಕೊಡವನ್ನು ಸೊಂಟದಲ್ಲಿಟ್ಟ ಕಡೆ, ನಾಲ್ಕಾರು ಗಂಟೆ ಕಳೆದ ಮೇಲೆ ಆಳವಾದ ನೋವಿನ ಬಾವು ಏಳುತ್ತದೆ. ತಡವಾಗಿ ಬರುವುದರಿಂದ ಹೊತ್ತ ಹೊರೆಗೂ ಎದ್ದ ಬಾವಿಗೂ ಸಂಬಂಧವುಂಟೆಂದು ಯಾರಿಗೂ ಹೊಳೆಯುವುದಿಲ್ಲ. ಮೂರನೆಯದು ಬೆವರಿನ ಬಗೆ. ಬಿಸಿಲಿನ ದುಡಿಮೆ, ಬಿಸಿನೀರಿನ ಸ್ನಾನ, ಖಾರದ ಊಟ, ಮನಸ್ಸಿನ ಉದ್ವೇಗಗಳಿಂದ ಮೈ ಬಿಸಿಯಾದಾಗ ಗುಂಡುಸೂಜಿಯ ತಲೆಯಷ್ಟು ಸಣ್ಣ ಗಂಧೆಗಳು ಎದೆ ಬೆನ್ನುಗಳನ್ನು ಮುಚ್ಚುತ್ತವೆ. ಇದು ಹದಿಹರೆಯದವರಲ್ಲಿ ಹೆಚ್ಚು. ಇಲ್ಲಿ ಖಾರವು ಮೈಯನ್ನು ಬಿಸಿ ಮಾಡುವುದರಿಂದ ಗಂಧೆ ಬರುತ್ತದೆಯೇ ಹೊರತು ಮೆಣಸಿನಕಾಯಿ ಒಗ್ಗದೆ ಅಲ್ಲ.

ನಾಲ್ಕನೆಯದು ಶೀತದ ಬಗೆ. ಮಾಧವನಿದಾನದ ತಣ್ಣನೆಯ ಗಾಳಿ ಇಲ್ಲಿ ಅಕ್ಷರಶಃ ನಿಜವಾಗುತ್ತದೆ. ಮಾರ್ಗಶಿರ ಪುಷ್ಯ ಮಾಸಗಳ ನಸುಕಿನಲ್ಲಿ ಮೋಟಾರು ಸೈಕಲ್ಲಿನಲ್ಲಿ ಹೊರಟವರಿಗೆ ಮುಖ, ಕೈಗಳ ಮೇಲೆ ಗಂಧೆ ಏಳುವುದು ಇದರ ಲಕ್ಷಣ. ಐಸ್ ತುಂಡನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಮುಂಗೈ ಮೇಲೆ ಐದು ನಿಮಿಷ ಹಿಡಿದು, ತೆಗೆದ ಹತ್ತು ನಿಮಿಷಗಳ ಮೇಲೆ ನೋಡಿ ವೈದ್ಯರು ಇದನ್ನು ಖಚಿತಪಡಿಸಿಕೊಳ್ಳುತ್ತಾರೆ. ಈ ಬಗೆಯವರಿಗೆ ಒಂದು ಎಚ್ಚರಿಕೆ: ಪಂಚಪಳ್ಳಿಯ ಅಣೆಕಟ್ಟಿನ ನೀರಿಗಾಗಲಿ, ತೋಟದ ಬಾವಿಗಾಗಲಿ ಒಮ್ಮೆಲೇ ಧುಮುಕಬಾರದು. ಇಡೀ ಮೈಗೆ ಏಕಕಾಲದಲ್ಲಿ ಚಳಿ ತಾಗಿದರೆ ಹಿಸ್ಟಮೀನ್ ಧಾರೆಯಾಗಿ ಬಿಡುಗಡೆಯಾಗಿ ರಕ್ತದೊತ್ತಡ ಕುಸಿದು, ಈಜು ಬಲ್ಲವನೂ ನೀರಿನಲ್ಲಿಯೇ ಮೂರ್ಛೆಹೋಗುವ ಅಪಾಯವುಂಟು.

ಇನ್ನು ಚಿಕಿತ್ಸೆಯ ವಿಚಾರ. ಪತ್ರದಲ್ಲಿ ಹೇಳಿದ ಸೂಜಿಮದ್ದು ಏನೆಂಬುದು ನನಗೆ ತಿಳಿಯದು. ಆದರೆ ಎರಡು ಮೂರು ದಿನ ಮಂತ್ರ ಹಾಕಿದಂತೆ ಎಲ್ಲವೂ ಮಾಯವಾಗಿ ಮತ್ತೆ ಮರುಕಳಿಸಿದರೆ ಅದರಲ್ಲಿ ಸ್ಟಿರಾಯ್ಡ್ ಇರುವ ಸಂಭವವುಂಟು. ಸ್ಟಿರಾಯ್ಡ್ ಕೆಟ್ಟ ಔಷಧವಲ್ಲ. ತೀವ್ರವಾದ ಉಲ್ಬಣದಲ್ಲಿ ಕೆಲವು ದಿನಗಳ ಮಟ್ಟಿಗೆ ತಜ್ಞರೂ ಕೊಡುತ್ತಾರೆ. ಆದರೆ ತಿಂಗಳುಗಟ್ಟಲೆ ಅದರ ಮೇಲೆಯೇ ನಿಂತರೆ ಮುಖ ಊದಿಕೊಳ್ಳುವುದು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂಳೆಯ ಸವಕಲು, ಕಣ್ಣಿನ ಪೊರೆ ಇವೆಲ್ಲ ಒಂದರ ಹಿಂದೊಂದು ಬರುತ್ತವೆ. ಗಂಧೆ ಕೊಲ್ಲುವ ಕಾಯಿಲೆಯಲ್ಲ. ಅದಕ್ಕಾಗಿ ಆಯುಷ್ಯವನ್ನು ಸವೆಸುವ ಔಷಧವನ್ನು ಅಭ್ಯಾಸ ಮಾಡಿಕೊಳ್ಳಬಾರದು. ಸೂಜಿ ಹಾಕಿಸಿಕೊಳ್ಳುವ ಮುನ್ನ, ಇದರಲ್ಲಿ ಸ್ಟಿರಾಯ್ಡ್ ಇದೆಯೇ ಎಂದು ಕೇಳುವುದು ರೋಗಿಯ ಹಕ್ಕು. ಹಲವು ತಿಂಗಳು ಸ್ಟಿರಾಯ್ಡ್ ಸೇವಿಸಿದವರು ಮಾತ್ರ ಅದನ್ನು ತಾವಾಗಿಯೇ ಒಮ್ಮೆಲೇ ನಿಲ್ಲಿಸಬಾರದು. ವೈದ್ಯರ ಮಾರ್ಗದರ್ಶನದಲ್ಲಿಯೇ ಇಳಿಸಬೇಕು.

ಸರಿಯಾದ ದಾರಿ ಹಿಸ್ಟಮೀನ್ ವಿರೋಧಿ ಮಾತ್ರೆಗಳದು. ಮೊದಲ ಹಿಸ್ಟಮೀನ್ ವಿರೋಧಿ ವಸ್ತು 1937ರಲ್ಲಿ ಪ್ಯಾರಿಸ್ಸಿನಲ್ಲಿ ದಾನಿಯಲ್ ಬೋವೆ ಮತ್ತು ಅವರ ಸಹೋದ್ಯೋಗಿಗಳ ಕೈಯಲ್ಲಿ ಹುಟ್ಟಿತು. 1957ರಲ್ಲಿ ಬೋವೆಯವರಿಗೆ ನೊಬೆಲ್ ಪಾರಿತೋಷಕ ಸಂದಿತು. ಹಳೆಯ ತಲೆಮಾರಿನ ಫೆನಿರಮೈನ್, ಕ್ಲೋರ್‌ಫೆನಿರಮೈನ್ ಮಾತ್ರೆಗಳು ಮಿದುಳಿಗೂ ಹೋಗಿ ತೂಕಡಿಕೆ ತರುತ್ತವೆ. ಅವನ್ನು ನುಂಗಿ ವಾಹನ ನಡೆಸುವುದಾಗಲಿ ಬಾವಿಕಟ್ಟೆಯಲ್ಲಿ ನೀರು ಸೇದುವುದಾಗಲಿ ಅಪಾಯ. ಹೊಸ ತಲೆಮಾರಿನ ಲೊರಾಟಡಿನ್, ಫೆಕ್ಸೊಫೆನಡಿನ್, ಸೆಟಿರಿಜಿನ್, ಲಿವೊಸೆಟಿರಿಜಿನ್ ಮೊದಲಾದವು ಮಿದುಳನ್ನು ಅಷ್ಟಾಗಿ ತಟ್ಟುವುದಿಲ್ಲ. ಕೆಲವರಿಗೆ ಸೆಟಿರಿಜಿನ್‌ನಿಂದ ಸ್ವಲ್ಪ ಮಂಪರು ಉಂಟಾಗಬಹುದು. 2022ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗಸೂಚಿಯು ಇವನ್ನೇ ಮೊದಲ ಮೆಟ್ಟಿಲೆಂದು ಹೇಳುತ್ತದೆ.

ಇಲ್ಲಿ ನಮ್ಮ ಜನ ಮಾಡುವ ತಪ್ಪು ಒಂದೇ. ಗಂಧೆ ಎದ್ದಾಗ ಮಾತ್ರ ಮಾತ್ರೆ ನುಂಗುತ್ತಾರೆ. ಇಳಿದ ಕೂಡಲೇ ಬಿಡುತ್ತಾರೆ. ಮಳೆ ಸುರಿಯಲಾರಂಭಿಸಿದ ಮೇಲೆ ಮನೆಗೆ ಹೆಂಚು ಹೊದಿಸಿದಂತೆ ಇದು. ಹಿಸ್ಟಮೀನ್ ಬಂದು ತನ್ನ ಪೀಠದಲ್ಲಿ ಕುಳಿತುಕೊಳ್ಳುವ ಮೊದಲೇ ಮಾತ್ರೆಯು ಆ ಪೀಠವನ್ನು ಹಿಡಿದಿರಬೇಕು. ಆದ್ದರಿಂದ ವೈದ್ಯರು ಹೇಳಿದಷ್ಟು ಕಾಲ, ಗಂಧೆ ಇರಲಿ ಬಿಡಲಿ, ಪ್ರತಿದಿನ ಗೊತ್ತಾದ ಹೊತ್ತಿಗೆ ಸೇವಿಸಬೇಕು. ಎರಡರಿಂದ ನಾಲ್ಕು ವಾರಗಳಲ್ಲಿ ಸಾಲದೆ ಬಂದರೆ ತಜ್ಞರು ಪ್ರಮಾಣವನ್ನು ನಾಲ್ಕು ಪಟ್ಟಿನವರೆಗೂ ಏರಿಸುವುದುಂಟು. ಆದರೆ ಅದು ತಜ್ಞರು ಮಾಡಬೇಕಾದ ನಿರ್ಧಾರ, ಔಷಧದಂಗಡಿಯಲ್ಲಿ ಮಾಡಬೇಕಾದದ್ದಲ್ಲ. ಬಸುರಿಯರೂ ಬಾಣಂತಿಯರೂ ಮೊದಲೇ ತಿಳಿಸಿ ತಮಗೆ ತಕ್ಕ ಮಾತ್ರೆಯನ್ನು ಬರೆಸಿಕೊಳ್ಳಬೇಕು. ಅದಕ್ಕೂ ಬಗ್ಗದ ಗಂಧೆಗೆ ನಾಲ್ಕು ವಾರಕ್ಕೊಮ್ಮೆ ಚರ್ಮದಡಿ ಕೊಡುವ ಓಮಲಿಜುಮ್ಯಾಬ್ ಎಂಬ ಸೂಜಿಮದ್ದು ಇದೆ. ದೀರ್ಘಕಾಲದ ಗಂಧೆಗೆ ಅದರ ಬಳಕೆಯನ್ನು ಅಮೆರಿಕ ಮತ್ತು ಯುರೋಪುಗಳಲ್ಲಿ 2014ರಲ್ಲಿ ಅನುಮೋದಿಸಲಾಯಿತು. ಇದು ಸ್ಟಿರಾಯ್ಡ್ ಅಲ್ಲ. ಬೆಲೆ ಮಾತ್ರ ದುಬಾರಿ. ಸೈಕ್ಲೋಸ್ಪೊರಿನ್ ಎಂಬ ಔಷಧವೂ ಉಂಟು. ರಕ್ತದೊತ್ತಡವನ್ನೂ ಮೂತ್ರಪಿಂಡವನ್ನೂ ಪರೀಕ್ಷಿಸುತ್ತ ಕೊಡಬೇಕಾದದ್ದು. ಸಂತೋಷದ ಸಂಗತಿಯೆಂದರೆ, ಹೆಚ್ಚಿನವರಿಗೆ ಈ ಕೊನೆಯ ಮೆಟ್ಟಿಲುಗಳನ್ನು ಹತ್ತುವ ಅಗತ್ಯ ಬೀಳುವುದಿಲ್ಲ.

ವೈದ್ಯರ ಬಳಿಗೆ ಹೋಗುವ ಮುನ್ನ ಮನೆಯಲ್ಲಿಯೇ ಎರಡು ಕೆಲಸಗಳನ್ನು ಮಾಡಿಕೊಳ್ಳಬಹುದು. ಮೊದಲನೆಯದಕ್ಕೆ ಒಂದು ಪೆನ್ನು ಸಾಕು. ಆಗತಾನೇ ಎದ್ದ ಒಂದು ಗಂಧೆಯ ಸುತ್ತ ಗೆರೆ ಎಳೆದು ಗಂಟೆಯನ್ನು ಬರೆದಿಡಿ. ಇಪ್ಪತ್ತನಾಲ್ಕು ಗಂಟೆಗಳೊಳಗೆ ಆ ಗೆರೆಯೊಳಗಿನ ಗಂಧೆ ಮಾಯವಾಗಿ, ಚರ್ಮ ಮೊದಲಿನಂತಾದರೆ ಅದು ಸಾಮಾನ್ಯ ಗಂಧೆ. ಒಂದು ದಿನ ಕಳೆದರೂ ಅದೇ ಜಾಗದಲ್ಲಿ ಉಳಿದು, ನವೆಗಿಂತ ಉರಿ ನೋವುಗಳು ಹೆಚ್ಚಾಗಿ, ಇಳಿದ ಮೇಲೆ ಕಂದುಗಪ್ಪು ಕಲೆ ಉಳಿದರೆ, ಅದರಲ್ಲಿಯೂ ಜ್ವರ ಕೀಲುನೋವುಗಳು ಜೊತೆಗಿದ್ದರೆ, ಅದು ರಕ್ತನಾಳಗಳ ಉರಿಯೂತವಿರಬಹುದು. ಅದಕ್ಕೆ ಚರ್ಮದ ಚೂರನ್ನು ತೆಗೆದು ಪರೀಕ್ಷಿಸಬೇಕಾಗುತ್ತದೆ.

ಎರಡನೆಯದು ಮಕ್ಕಳ ನೋಟುಪುಸ್ತಕದ ಒಂದು ಹಾಳೆ. ಏಳು ದಿನ, ದಿನಕ್ಕೆ ಎರಡು ಅಂಕ. ಗಂಧೆ ಇಲ್ಲದಿದ್ದರೆ ಸೊನ್ನೆ, ಇಪ್ಪತ್ತಕ್ಕಿಂತ ಕಡಿಮೆಯಿದ್ದರೆ ಒಂದು, ಇಪ್ಪತ್ತರಿಂದ ಐವತ್ತರವರೆಗೆ ಎರಡು, ಐವತ್ತನ್ನು ಮೀರಿದರೆ ಮೂರು. ನವೆ ಇಲ್ಲದಿದ್ದರೆ ಸೊನ್ನೆ, ಅಲ್ಪವಾದರೆ ಒಂದು, ಮಧ್ಯಮವಾದರೆ ಎರಡು, ನಿದ್ರೆ ಕೆಲಸಗಳನ್ನು ಕೆಡಿಸುವಷ್ಟಿದ್ದರೆ ಮೂರು. ಏಳು ದಿನಗಳನ್ನು ಕೂಡಿಸಿದರೆ ಮೊತ್ತ 42ನ್ನು ಮೀರುವುದಿಲ್ಲ. 6 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಕಾಯಿಲೆ ಹತೋಟಿಯಲ್ಲಿದೆ. 28 ಅಥವಾ ಹೆಚ್ಚಾದರೆ ತೀವ್ರವಾಗಿದೆ. ಇದೇ ಲೆಕ್ಕವನ್ನು ಲೋಕದ ದೊಡ್ಡ ಚಿಕಿತ್ಸಾಲಯಗಳೂ ಬಳಸುತ್ತವೆ. ಆ ಹಾಳೆಯಲ್ಲಿಯೇ ಅಂದು ನುಂಗಿದ ಮಾತ್ರೆ, ಮುಟ್ಟಿನ ದಿನ, ಜ್ವರ, ಹೊತ್ತ ಹೊರೆಗಳನ್ನೂ ಗುರುತು ಹಾಕಿ. ಸಂಜೆ ಎದ್ದ ಗಂಧೆಯ ಚಿತ್ರವನ್ನು ಮೊಬೈಲ್ ಫೋನಿನಲ್ಲಿ ತೆಗೆದಿಟ್ಟರೆ, ಬೆಳಗ್ಗೆ ತೋರಿಸಲು ಏನೂ ಇಲ್ಲವೆಂಬ ಕೊರಗೂ ನೀಗುತ್ತದೆ.

ಈ ಹಾಳೆಯಿಂದ ನಮಗೆ, ಅಂದರೆ ಗಡಿಯ ಕನ್ನಡಿಗರಿಗೆ, ಇನ್ನೊಂದು ಪ್ರಯೋಜನವುಂಟು. ಮನೆಯಲ್ಲಿ ಕನ್ನಡ, ಆಸ್ಪತ್ರೆಯಲ್ಲಿ ತಮಿಳು, ಚೀಟಿಯಲ್ಲಿ ಇಂಗ್ಲಿಷು. ಪಿತ್ತವೆಂದರೆ ಹೊಟ್ಟೆಯ ಔಷಧ ಸಿಕ್ಕೀತು. ಕಡಿಯೆಂದರೆ ಹುಳುವಿನ ಔಷಧ ಸಿಕ್ಕೀತು. ಕಾಯಿಲೆಗೆ ಹೆಸರಿಡದೆ ಕಂಡದ್ದನ್ನಷ್ಟೇ ಹೇಳಿ: ನವೆಗೆ ತಮಿಳಿನಲ್ಲಿ 'ಅರಿಪ್ಪು', ಉಬ್ಬಿದ ಗಂಧೆಗೆ 'ತಡಿಪ್ಪು', ಊತಕ್ಕೆ 'ವೀಕ್ಕಂ'. ಅಂಕಗಳಿಗಂತೂ ಯಾವ ಭಾಷೆಯ ತೊಡಕೂ ಇಲ್ಲ. ಧರ್ಮಪುರಿಯು 1965ರಲ್ಲಿ ಸೇಲಂನಿಂದ ಬೇರ್ಪಟ್ಟು ಜಿಲ್ಲೆಯಾದ ಮೇಲೆಯೂ ನಮ್ಮವರು ದೊಡ್ಡ ಕಾಯಿಲೆಗೆ ಸೇಲಂಗೋ, ರೈಲು ಹತ್ತಿ ಹೊಸೂರಿನ ಮೇಲೆ ಬೆಂಗಳೂರಿಗೋ ಹೋಗುತ್ತ ಬಂದಿದ್ದಾರೆ. 2008ರಲ್ಲಿ ಧರ್ಮಪುರಿಯಲ್ಲಿಯೇ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಗಿರುವುದರಿಂದ ಚರ್ಮರೋಗ ತಜ್ಞರನ್ನು ಕಾಣಲು ಈಗ ಅಷ್ಟು ದೂರ ಹೋಗಬೇಕಾಗಿಲ್ಲ. ಎಲ್ಲಿಗೆ ಹೋದರೂ ಹಳೆಯ ಚೀಟಿಗಳನ್ನು ಎಸೆಯದೆ ಒಯ್ಯಿರಿ. ದುಬಾರಿ ಅಲರ್ಜಿ ಪರೀಕ್ಷೆಗಳ ಉದ್ದ ಪಟ್ಟಿ ಈ ಕಾಯಿಲೆಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ; ರಕ್ತಕಣಗಳ ಎಣಿಕೆ, ಉರಿಯೂತದ ಒಂದು ಪರೀಕ್ಷೆ, ತಜ್ಞರು ಹೇಳಿದರೆ ಥೈರಾಯ್ಡ್ ಪರೀಕ್ಷೆ, ಇಷ್ಟರಿಂದ ಆರಂಭವಾಗುತ್ತದೆ.

ಯಾವಾಗ ಕಾಯದೆ ಓಡಬೇಕು? ಗಂಧೆಯೊಡನೆ ಉಸಿರು ಕಟ್ಟಿದಂತಾದರೆ, ಗಂಟಲು ಬಿಗಿದು ಧ್ವನಿ ಒಡೆದರೆ, ವಾಂತಿ ತಲೆಸುತ್ತು ಬಂದು ಕುಸಿದರೆ, ಅದರಲ್ಲಿಯೂ ಕಣಜ ಕಡಿದ ಅಥವಾ ಹೊಸ ಔಷಧ ಸೇವಿಸಿದ ಕೂಡಲೇ ಹೀಗಾದರೆ, ಮೆಣಸು ತುಪ್ಪಕ್ಕೆ ಸಮಯವಿಲ್ಲ. 108ಕ್ಕೆ ಕರೆ ಮಾಡಿ. ತೊಡೆಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಸೂಜಿಮದ್ದೇ ಆಗ ಜೀವ ಉಳಿಸುವುದು. ಇನ್ನೊಂದು ಮಾತು ಹಿರಿಯರಿಗೆ: ಗಂಧೆಯೂ ನವೆಯೂ ಇಲ್ಲದೆ ನಾಲಿಗೆ ತುಟಿಗಳು ಮಾತ್ರ ಊದಿದರೆ, ರಕ್ತದೊತ್ತಡಕ್ಕೆ ಎನಲಾಪ್ರಿಲ್, ರಾಮಿಪ್ರಿಲ್‌ನಂಥ ಮಾತ್ರೆ ಸೇವಿಸುತ್ತಿದ್ದೀರಾ ಎಂದು ನೋಡಿಕೊಂಡು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಆ ಊತದ ಕಾರಣ ಬೇರೆ. ಹಿಸ್ಟಮೀನ್ ವಿರೋಧಿ ಮಾತ್ರೆಗೆ ಅದು ಬಗ್ಗುವುದಿಲ್ಲ.

ಕೊನೆಯದಾಗಿ ಪತ್ರ ಬರೆದ ಸೋದರಿಗೆ. ತಾಯಿ, ನಿಮ್ಮ ಕಾಯಿಲೆಗೆ ಹೆಸರಿದೆ, ಚಿಕಿತ್ಸೆಯಿದೆ, ಕೊನೆಯೂ ಇದೆ. ಹೆಚ್ಚಿನವರಲ್ಲಿ ಇದು ಒಂದರಿಂದ ಐದು ವರ್ಷಗಳೊಳಗೆ ಬಂದ ಹಾಗೆಯೇ ಹೊರಟುಹೋಗುತ್ತದೆ. ಅಲ್ಲಿಯವರೆಗೆ ಮಾತ್ರೆಯಿಂದ ಹತೋಟಿಯಲ್ಲಿಡಬಹುದು. ನಿಮ್ಮ ಟವಲಿನಿಂದ, ಹಾಸಿಗೆಯಿಂದ, ಕೈತುತ್ತಿನಿಂದ ಮಕ್ಕಳಿಗೆ ಏನೂ ಅಂಟುವುದಿಲ್ಲ. ತಂಗಿಯ ಸಂಬಂಧಕ್ಕೆ ಇದರಿಂದ ಯಾವ ಅಡ್ಡಿಯೂ ಇರಬೇಕಾಗಿಲ್ಲ. ಮುಚ್ಚಿಡಬೇಕಾದ ಸಂಗತಿಯೇ ಇದಲ್ಲ. ಈ ಪುಟವನ್ನು ನಿಮ್ಮ ಅತ್ತೆಯವರಿಗೂ ಓದಿ ಹೇಳಿ. ಮುಂದಿನ ವಾರ ಚರ್ಮರೋಗ ತಜ್ಞರನ್ನು ಕಂಡುಬನ್ನಿ. ಅದಕ್ಕೂ ಮೊದಲು, ನೀವು ಬಿಟ್ಟ ಪದಾರ್ಥಗಳಲ್ಲಿ ತಿಂದ ಕೂಡಲೇ ಪ್ರತಿಸಲವೂ ತೊಂದರೆ ಕೊಟ್ಟದ್ದು ಯಾವುದಾದರೂ ಉಂಟೇ ಎಂದು ನೆನಪು ಮಾಡಿಕೊಳ್ಳಿ. ಅಂಥದ್ದಿದ್ದರೆ ಅದೊಂದನ್ನು ವೈದ್ಯರಿಗಾಗಿ ಬರೆದಿಡಿ. ಉಳಿದವನ್ನೆಲ್ಲ ಒಲೆಯ ಮೇಲೆ ಇಡಿ. ಈ ಸಂಜೆ ಅವರೆಕಾಳಿನ ಹುಳಿ ಮಾಡಿ, ಮಕ್ಕಳ ಪಂಕ್ತಿಯಲ್ಲಿಯೇ ಕುಳಿತು ಊಟ ಮಾಡಿ.